ಹುಲ್ಲಿಗೂ ಬಿಡುವು ಬೇಕು

ಮಾಂಸಕ್ಕಾಗಿ ದನ ಸಾಕುವವರು ಮೊದಲು ಕೇಳುವುದು, ಎಕರೆಗೆ ಎಷ್ಟು ದನ ಎಂದು. ಫ್ರಾನ್ಸಿನ ನಾರ್ಮಂಡಿಯ ಆಂದ್ರೆ ವಾಜಾಂ ಈ ಲೆಕ್ಕವನ್ನೇ ಬದಲಿಸಿದರು. ಜೀವರಸಾಯನಶಾಸ್ತ್ರ ಬಲ್ಲ ಈ ರೈತ ತಮ್ಮ ಜಮೀನಿನಲ್ಲಿ ದನ ಮೇಯುವುದನ್ನು ಗಂಟೆಗಟ್ಟಲೆ ನಿಂತು ನೋಡಿದವರು. ದನ ಒಂದು ಜಾಗದಲ್ಲಿ ಎಷ್ಟು ದಿನ ನಿಲ್ಲುತ್ತವೆ, ಎಷ್ಟು ದಿನ ಬಿಟ್ಟು ಅಲ್ಲಿಗೆ ಮರಳುತ್ತವೆ ಎನ್ನುವುದೇ ಮುಖ್ಯವೆಂದು 1957ರಲ್ಲಿ ಪುಸ್ತಕ ಬರೆದರು.

ದನದ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ, ಗಟ್ಟಿ ವಸಡಿದೆ. ನಾಲಿಗೆಯಿಂದ ಹುಲ್ಲನ್ನು ಸುತ್ತಿ, ಕೆಳಹಲ್ಲಿಗೂ ವಸಡಿಗೂ ನಡುವೆ ಒತ್ತಿ, ತಲೆಯನ್ನು ಜಗ್ಗಿ ಕೀಳುತ್ತದೆ. ಹುಲ್ಲಿನ ಕುಡಿ ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ಗಿಡ ಸಾಯುವುದಿಲ್ಲ. ಆದರೆ ಆಹಾರ ತಯಾರಿಸುವ ಎಲೆಯೇ ಹೋಗಿರುತ್ತದೆ. ಹೊಸ ಚಿಗುರಿಗೆ ಬುಡದಲ್ಲಿ ಕೂಡಿಟ್ಟ ಸಕ್ಕರೆಯೇ ಆಧಾರ. ತೀರಾ ಬುಡದವರೆಗೆ ಮೇದಿದ್ದರೆ ಕೆಲವು ದಿನ ಬೇರೂ ಬೆಳೆಯದು. ಎಲೆ ಹರಡಿದ ಮೇಲೆಯೇ ಆ ಸಕ್ಕರೆ ಮತ್ತೆ ತುಂಬಬೇಕು. ಅಷ್ಟರೊಳಗೆ ಮತ್ತೆ ಬಾಯಿ ಬಿದ್ದರೆ ಗಿಡ ಸೊರಗುತ್ತದೆ. ದನಕ್ಕೋ ಎಳೆ ಚಿಗುರೇ ಪ್ರೀತಿ. ಬಯಲಿಗೆ ಸುಮ್ಮನೆ ಬಿಟ್ಟರೆ ರುಚಿಯ ಹುಲ್ಲು ಪದೇ ಪದೇ ಕಡಿಸಿಕೊಂಡು ನಶಿಸುತ್ತದೆ, ಒರಟು ಹುಲ್ಲು ಬೀಜ ಕಟ್ಟುತ್ತದೆ. ನಾಲ್ಕೇ ದನವಿದ್ದರೂ ಹುಲ್ಲುಗಾವಲು ಹಾಳಾಗುವುದು ಹೀಗೆಯೇ.

ನಾರ್ಮಂಡಿಯಲ್ಲಿ ಮೇ-ಜೂನ್‌ನಲ್ಲಿ ಹುಲ್ಲಿಗೆ ಸುಮಾರು 18 ದಿನ ಬಿಡುವು ಸಾಕು, ಆಗಸ್ಟ್-ಸೆಪ್ಟೆಂಬರಿನಲ್ಲಿ 36 ದಿನ ಬೇಕು ಎನ್ನುವುದು ವಾಜಾಂ ಲೆಕ್ಕ. ಅಮೆರಿಕದ ವರ್ಜೀನಿಯಾದಲ್ಲಿ 1961ರಿಂದ ಬೇಸಾಯ ಮಾಡುತ್ತಿರುವ ಸಾಲಟಿನ್ ಕುಟುಂಬ ಇದೇ ಜಾಡಿನಲ್ಲಿ ವಿದ್ಯುತ್ ತಂತಿ ಬೇಲಿಯನ್ನು ಸರಿಸುತ್ತಾ ದನಗಳಿಗೆ ದಿನವೂ ಹೊಸ ತುಂಡು ಕೊಡುತ್ತದೆ. ಮೂರ್ನಾಲ್ಕು ದಿನ ಕಳೆದು ಅದೇ ಜಾಗಕ್ಕೆ ಕೋಳಿಗಳನ್ನು ಬಿಡುತ್ತಾರೆ. ಅವು ಸಗಣಿ ಕೆದಕಿ ನೊಣದ ಹುಳು ಹೆಕ್ಕಿ ತಿನ್ನುತ್ತವೆ, ಸಗಣಿಯೂ ನೆಲದಲ್ಲಿ ಹರಡುತ್ತದೆ. ಬಿಡುವಿನ ವಿವೇಕ ನಮಗೂ ಹೊಸದಲ್ಲ. ಸೇನೆಯ ಬಂಡಿ ಎಳೆಯುವ ಎತ್ತುಗಳಿಗಾಗಿ ಮೈಸೂರು ಸಂಸ್ಥಾನ ಕಾಪಾಡಿದ ಅಮೃತಮಹಲ್ ಕಾವಲುಗಳಲ್ಲಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ವಿಂಗಡಣೆಯಿತ್ತು.

ಹೀಗೆ ಮೇದ ಹುಲ್ಲಿನ ನಾರನ್ನು ಒಡೆಯುವ ಕಿಣ್ವ ದನದ ಮೈಯಲ್ಲಿ ಹುಟ್ಟುವುದಿಲ್ಲ. ನೂರು ಲೀಟರಿಗೂ ಮಿಗಿಲಾದ ಮೊದಲ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು ಆ ಕೆಲಸ ಮಾಡುತ್ತವೆ. ಅವು ಬಿಟ್ಟುಕೊಡುವ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳೇ ದನಕ್ಕೆ ಶಕ್ತಿ. ಮೆಲುಕು ಹಾಕುವಾಗ ಸುರಿಯುವ ಜೊಲ್ಲು ಹೊಟ್ಟೆಯ ಹುಳಿಯನ್ನು ಹತೋಟಿಯಲ್ಲಿಡುತ್ತದೆ. ದಿಢೀರನೆ ಕಾಳು ಸುರಿದರೆ ಹುಳಿ ಏರಿ ದನ ಕಾಯಿಲೆ ಬೀಳುತ್ತದೆ. ಹುಲ್ಲು ಮೇದ ದನದ ಕೊಬ್ಬು ಹಳದಿಗೆ ತಿರುಗುವುದು ಹುಲ್ಲಿನ ಕ್ಯಾರೊಟಿನ್‌ನಿಂದ. ಆ ಕೊಬ್ಬಿನಲ್ಲಿ ಕಾಳು ತಿಂದ ದನದ ಕೊಬ್ಬಿಗಿಂತ ಒಮೆಗಾ-3 ಹೆಚ್ಚೆನ್ನುವುದು ನಿಜವೇ, ಆದರೆ ಬಂಗುಡೆಯಂಥ ಮೀನಿನ ಮುಂದೆ ಆ ಪ್ರಮಾಣ ಬಲು ಸಣ್ಣದು. ಹುಲ್ಲು ಮೇದ ದನದ ಮಾಂಸದ ಜಾಹೀರಾತುಗಳು ಇದನ್ನು ಹೇಳಬೇಕಿತ್ತು.

ಹವಾಮಾನದ ವಿಷಯ ಇನ್ನೂ ಕಠಿಣ. ಅದೇ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್ ಹೆಚ್ಚಾಗಿ ತೇಗಿನಲ್ಲಿ ಹೊರಬರುತ್ತದೆ. ಕಾಳು ತಿಂದ ದನಕ್ಕಿಂತ ಹುಲ್ಲಿನ ದನ ನಿಧಾನವಾಗಿ ಮೈ ತುಂಬುವುದರಿಂದ ಹೆಚ್ಚು ಕಾಲ ಬದುಕುತ್ತದೆ, ಕಿಲೋ ಮಾಂಸಕ್ಕೆ ಹೆಚ್ಚು ಮೀಥೇನ್ ಬಿಡುತ್ತದೆ. ಚೆನ್ನಾಗಿ ಮೇಯಿಸಿದ ನೆಲ ಇಂಗಾಲ ಹೀರಿಕೊಳ್ಳುತ್ತದಾದರೂ ಕೆಲವು ದಶಕಗಳಲ್ಲಿ ಆ ಸಾಮರ್ಥ್ಯ ತುಂಬಿಬಿಡುತ್ತದೆ. ಹೀಗಾಗಿ ಕಾಡು ಕಡಿದು ಹುಲ್ಲು ಬೆಳೆಸುವುದನ್ನು ನಾನು ಒಪ್ಪಲಾರೆ. ಆದರೆ ನೇಗಿಲು ಇಳಿಯದ ಇಳಿಜಾರು, ಕಲ್ಲುನೆಲ ಬೇಕಾದಷ್ಟಿವೆ. ಅಲ್ಲಿ ಮನುಷ್ಯರು ತಿನ್ನುವ ಕಾಳು ಬೆಳೆಯದು, ಹುಲ್ಲು ಮಾತ್ರ ತಾನಾಗಿ ಬರುತ್ತದೆ. ಒಂದು ಕುಟುಂಬ ಅಂಥ ನೆಲದಲ್ಲಿ ಬೇಲಿ ಸರಿಸುತ್ತಾ ದನ ಮೇಯಿಸಿದರೆ, ಆ ಬೇಸಾಯಕ್ಕೆ ನನ್ನ ಪೂರ್ತಿ ಬೆಂಬಲವಿದೆ.