ಕೊಲೆ ಪ್ರಕರಣದ ಮೇಲ್ಮನವಿ ಮತ್ತು ಸರ್ಕಾರಿ ವೆಚ್ಚದಲ್ಲಿ ನೇಮಕವಾಗುವ ವಕೀಲರು: ಸಾರ್ವಜನಿಕ ಮಾಹಿತಿ

ಕೊಲೆ ಅಪರಾಧಕ್ಕೆ ಕಾನೂನು ವಿಧಿಸಿರುವ ಕನಿಷ್ಠ ಶಿಕ್ಷೆಯೇ ಜೀವಾವಧಿ ಕಾರಾವಾಸ. ಆದುದರಿಂದ ವಿಜಯಪುರ ನಗರ, ತಿಕೋಟಾ ಅಥವಾ ಬಬಲೇಶ್ವರ ಭಾಗದ ಬಡ ಕುಟುಂಬದ ವ್ಯಕ್ತಿಗೆ ಸೆಷನ್ಸ್ ನ್ಯಾಯಾಲಯದಲ್ಲಿ ಇಂತಹ ಶಿಕ್ಷೆಯಾದಾಗ ಎರಡು ಪ್ರಶ್ನೆಗಳು ಏಳುತ್ತವೆ. ಮೇಲ್ಮನವಿಗೆ ವಕೀಲರನ್ನು ಒದಗಿಸುವವರು ಯಾರು? ನೇಮಕವಾದ ವಕೀಲರಲ್ಲಿ ವಿಶ್ವಾಸವಿಲ್ಲದಿದ್ದರೆ ಮಾಡಬೇಕಾದುದೇನು?

ಮೇಲ್ಮನವಿ ಎಲ್ಲಿ, ಎಷ್ಟು ದಿನಗಳೊಳಗೆ?

ವಿಜಯಪುರ ಜಿಲ್ಲೆಯ ಮೇಲ್ಮನವಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ವ್ಯಾಪ್ತಿಗೆ ಬರುತ್ತವೆ. ಈ ಪೀಠವು 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ, 2013ರ ಆಗಸ್ಟ್ 31ರಂದು ಕಾಯಂ ಪೀಠವಾಯಿತು. 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಜೀವಾವಧಿ ಶಿಕ್ಷೆಯ ವಿರುದ್ಧ 60 ದಿನಗಳೊಳಗೆ, ಮರಣದಂಡನೆಯ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸತಕ್ಕದ್ದು. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ತಗಲುವ ಅವಧಿಯನ್ನು ಇದರಿಂದ ಕಳೆಯಲಾಗುವುದು. ಸಕಾರಣವಿದ್ದಲ್ಲಿ ನ್ಯಾಯಾಲಯವು ವಿಳಂಬವನ್ನು ಮನ್ನಿಸಬಹುದು. ಮರಣದಂಡನೆಯ ಪ್ರಕರಣದಲ್ಲಿ ಅಪರಾಧಿಯು ಮೇಲ್ಮನವಿ ಸಲ್ಲಿಸದಿದ್ದರೂ ಉಚ್ಚ ನ್ಯಾಯಾಲಯದ ದೃಢೀಕರಣವಿಲ್ಲದೆ ಶಿಕ್ಷೆ ಜಾರಿಯಾಗುವುದಿಲ್ಲ.

ಕಾರಾಗೃಹದಲ್ಲಿರುವವರು ಮೇಲ್ಮನವಿ ಅರ್ಜಿಯನ್ನು ಕಾರಾಗೃಹದ ಅಧಿಕಾರಿಗೆ ನೀಡಿದರೆ ಸಾಕು. ಅದನ್ನು ನ್ಯಾಯಾಲಯಕ್ಕೆ ಕಳುಹಿಸುವುದು ಆ ಅಧಿಕಾರಿಯ ಕರ್ತವ್ಯ. ತೀರ್ಪಿನ ಪ್ರತಿಯನ್ನು ಅಪರಾಧಿಗೆ ಉಚಿತವಾಗಿ ನೀಡತಕ್ಕದ್ದು.

ಉಚಿತ ವಕೀಲರಿಗೆ ಯಾರು ಅರ್ಹರು?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಬಂಧನದಲ್ಲಿರುವ ಯಾವುದೇ ವ್ಯಕ್ತಿ ಆದಾಯದ ಮಿತಿಯಿಲ್ಲದೆ ಅರ್ಹನಾಗಿರುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೇ ಕಲಮು, ವಿಚಾರಣೆಯಲ್ಲಷ್ಟೇ ಅಲ್ಲದೆ ಮೇಲ್ಮನವಿಯಲ್ಲೂ ಅಶಕ್ತ ಆರೋಪಿಗೆ ಸರ್ಕಾರಿ ವೆಚ್ಚದಲ್ಲಿ ವಕೀಲರನ್ನು ನೇಮಿಸಲು ಅವಕಾಶ ಕಲ್ಪಿಸಿದೆ.

ನೇಮಕದ ಬಗ್ಗೆ ತಕರಾರಿದ್ದರೆ

1978ರ ಎಂ.ಎಚ್. ಹೊಸ್ಕೋಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಂದಿಯ ಆಕ್ಷೇಪಣೆ ಇಲ್ಲದಿದ್ದಲ್ಲಿ ಸಮರ್ಥ ವಕೀಲರನ್ನು ನೇಮಿಸಬೇಕೆಂದು ತಿಳಿಸಿತು. ಹೀಗಾಗಿ ಆಕ್ಷೇಪಿಸುವ ಅವಕಾಶ ಬಂದಿಗೆ ಉಂಟು. ಆದರೆ ತಾನು ಹೆಸರಿಸಿದ ವಕೀಲರೇ ಬೇಕೆಂದು ಹಕ್ಕಿನಿಂದ ಒತ್ತಾಯಿಸಲಾಗದು.

ಹೆಸರಿಗಷ್ಟೇ ವಕೀಲರಿದ್ದರೆ ಸಾಲದು ಎಂಬುದಕ್ಕೆ ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣ ನಿದರ್ಶನ. ಅಲ್ಲಿ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪಣೆಯನ್ನೂ ರಚಿಸಲಾಗಿತ್ತು. ಸರ್ವೋಚ್ಚ ನ್ಯಾಯಾಲಯವು 2019ರ ಡಿಸೆಂಬರ್‌ನಲ್ಲಿ ಮರಣದಂಡನೆಯ ತೀರ್ಪನ್ನು ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ಆದೇಶಿಸಿತು. ಜೀವಾವಧಿ ಅಥವಾ ಮರಣದಂಡನೆಯ ಸಂಭವವಿರುವ ಪ್ರಕರಣಗಳಿಗೆ ಕನಿಷ್ಠ 10 ವರ್ಷ ವೃತ್ತಿಯಲ್ಲಿರುವ ವಕೀಲರನ್ನು ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ನೀಡಬೇಕು ಎಂದೂ ತಿಳಿಸಿತು.

ವಕೀಲರು ಗೈರುಹಾಜರಾದರೆ ಅದೊಂದೇ ಕಾರಣಕ್ಕೆ ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲ. ಆದರೆ ಕರ್ನಾಟಕದಿಂದ ಹೋದ ಕೆ.ಎಸ್. ಪಾಂಡುರಂಗ ಪ್ರಕರಣದಲ್ಲಿ (ಇದು ಭ್ರಷ್ಟಾಚಾರ ಪ್ರಕರಣ) 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಡತ ಹಾಗೂ ತೀರ್ಪನ್ನು ಪರಿಶೀಲಿಸಿ ಗುಣಾವಗುಣಗಳ ಮೇಲೆ ಮೇಲ್ಮನವಿಯನ್ನು ತೀರ್ಮಾನಿಸಬಹುದೆಂದು ಹೇಳಿದೆ. ಆದ್ದರಿಂದ ಅಂತಿಮ ತೀರ್ಪು ಬರುವವರೆಗೆ ಮೌನವಾಗಿರುವುದು ಅಪಾಯಕರ.

ಅನುಸರಿಸಬೇಕಾದ ಕ್ರಮ

1. ವಕೀಲರು ಭೇಟಿಯಾಗದಿದ್ದರೆ, ಕಡತ ಪಡೆಯದಿದ್ದರೆ ಅಥವಾ ಗೈರುಹಾಜರಾದರೆ, ದಿನಾಂಕ ಸಹಿತ ಲಿಖಿತ ಅರ್ಜಿಯನ್ನು ಕಾರಾಗೃಹದ ಅಧಿಕಾರಿಯ ಮೂಲಕ ನ್ಯಾಯಾಲಯಕ್ಕೂ ಕಾನೂನು ಸೇವಾ ಸಂಸ್ಥೆಗೂ ಸಲ್ಲಿಸುವುದು.

2. ವಕೀಲರ ಬದಲಾವಣೆ ಕೋರುವಾಗ ಕಾರಣಗಳನ್ನು ಸ್ಪಷ್ಟವಾಗಿ ನಮೂದಿಸುವುದು.

3. ಕಾನೂನು ಸೇವಾ ಸಂಸ್ಥೆಯಿಂದ ನೇಮಕವಾದ ವಕೀಲರು ಕಕ್ಷಿದಾರರಿಂದ ಯಾವುದೇ ಶುಲ್ಕ ಕೇಳುವಂತಿಲ್ಲ. ಕೇಳಿದಲ್ಲಿ ಪ್ರಾಧಿಕಾರಕ್ಕೆ ದೂರು ನೀಡುವುದು.

4. ತಕರಾರು ಇತ್ಯರ್ಥವಾಗಲೆಂದು ಕಾಯುತ್ತ ಮೇಲ್ಮನವಿಯ ಅವಧಿಯನ್ನು ಮೀರಗೊಡಬಾರದು. ಮೊದಲು ಮೇಲ್ಮನವಿ ಸಲ್ಲಿಸಿ, ವಕೀಲರ ಬದಲಾವಣೆಯನ್ನು ನಂತರ ಕೋರಬಹುದಾಗಿದೆ.

ಹೆಚ್ಚಿನ ಮಾಹಿತಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ಉಚಿತ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು.