ತೊದಲಿದರೆ ನಗು, ಕುಂಟಿದರೆ ಖಳ!

ನಮ್ಮ ಸಿನಿಮಾದವರ ಹತ್ತಿರ ಒಂದು ಹಳೇ ಲೆಕ್ಕವಿದೆ. ಕಾಮಿಡಿ ಬೇಕೆ? ಒಬ್ಬನನ್ನು ತೊದಲಿಸು. ಖಳನಾಯಕ ಬೇಕೆ? ಒಂದು ಕಣ್ಣಿಗೆ ಪಟ್ಟಿ ಕಟ್ಟು, ಇಲ್ಲವೇ ಕಾಲು ಕುಂಟಿಸು. ಕರ್ಚೀಫು ಒದ್ದೆಯಾಗಬೇಕೆ? ನಾಯಕನಿಗೊಬ್ಬಳು ಕುರುಡು ತಂಗಿ. ಕ್ಲೈಮ್ಯಾಕ್ಸಿನಲ್ಲಿ ತಲೆಗೆ ಏಟು ಬಿತ್ತೋ, ಕಣ್ಣೂ ಬಂತು! ಕಣ್ಣಿನ ಡಾಕ್ಟರುಗಳು ಅಂಗಡಿ ಮುಚ್ಚಿಕೊಂಡು ಹೋಗಬೇಕು.

ದುಡ್ಡು ಕೊಟ್ಟು ನಕ್ಕು ಬಂದರೆ ಮುಗೀತಲ್ಲ ಅಂತೀರಾ? ಮುಗಿಯೋದಿಲ್ಲ ಸ್ವಾಮಿ. ಪಿಕ್ಚರು ಊರು ಬಿಟ್ಟರೂ ಅಡ್ಡಹೆಸರು ಊರಲ್ಲೇ ಉಳಿಯುತ್ತದೆ. ಸಾಮಾನಿಗೆ ಬಂದ ತೊದಲು ಹುಡುಗನ ಮುಂದೆ ಅದೇ ಡೈಲಾಗು ಹೊಡೆಯುವವರು ನಾವೇ. ಮುಂದಿನ ಸಲ ಆ ಹುಡುಗ ಚೀಟಿ ಬರೆಸಿಕೊಂಡು ಬರುತ್ತಾನೆ, ಬಾಯೇ ಬಿಡೋದಿಲ್ಲ. 2016ರ ಕಾಯಿದೆಯಂತೆ ನಾಲ್ಕು ಜನರೆದುರು ಬೇಕೆಂದೇ ಅಂಗವಿಕಲರನ್ನು ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಮೇಲೆ ದಂಡ. ಅಂಗಡಿಯೂ ಬಸ್ಸೂ ನಾಲ್ಕು ಜನರಿರುವ ಜಾಗವೇ. (ಈಗ ‘ವಿಕಲಚೇತನ’ ಅನ್ನುತ್ತಾರೆ. ಹೆಸರೇನೋ ಬದಲಾಯಿತು, ಬಸ್ಸಿನಲ್ಲಿ ಅವರ ಸೀಟಿನಿಂದ ಏಳುವವರು ಹೆಚ್ಚಾದರೇ?)

ಈ ತಕರಾರು ಸುಪ್ರೀಂ ಕೋರ್ಟನ್ನೂ ಹತ್ತಿತು. 2023ರ ನವೆಂಬರಿನಲ್ಲಿ ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರ ಬಂತು. ಅಪ್ಪನಿಗೆ ಮರೆವಿನ ಕಾಯಿಲೆ, ಒಬ್ಬನಿಗೆ ಕಿವಿ ಕೇಳದು, ಇನ್ನೊಬ್ಬನಿಗೆ ತೊದಲು, ಹುಡುಗಿಗೆ ಇರುಳುಗುರುಡು. ಅದೇ ಚಿತ್ರದ ತಮಾಷೆ. ತೊದಲುವವನಿಗೆ ‘ಸಿಕ್ಕಿಹಾಕಿಕೊಂಡ ಕ್ಯಾಸೆಟ್’ ಎಂಬ ಬಿರುದು ಬೇರೆ. ಸ್ವತಃ ಅಂಗವಿಕಲರಾದ ನಿಪುಣ್ ಮಲ್ಹೋತ್ರಾ ಕೇಸು ಹಾಕಿದರು. ದೆಹಲಿ ಹೈಕೋರ್ಟಿನಲ್ಲಿ ಸೋತರು. ಬಿಡಲಿಲ್ಲ. 2024ರ ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾ. ಪಾರ್ದೀವಾಲಾ ತೀರ್ಪು ಕೊಟ್ಟರು. ಚಿತ್ರಕ್ಕೆ ಕತ್ತರಿ ಹಾಕಲಿಲ್ಲ. ಆದರೆ ಸಿನಿಮಾ, ಟಿವಿಯವರಿಗೆ ದಾರಿ ಹಾಕಿಕೊಟ್ಟರು. ಹೀನಾಯ ಪದ ಬೇಡ. ಕಾಯಿಲೆಯನ್ನು ತಿಳಿದುಕೊಂಡು ತೋರಿಸಿ. ಅಯ್ಯೋ ಪಾಪವೂ ಬೇಡ, ಪವಾಡಪುರುಷನೂ ಬೇಡ. ಅವರ ಕಥೆ ಮಾಡುವಾಗ ಅವರನ್ನೇ ಕೂರಿಸಿಕೊಂಡು ಕೇಳಿ. ನಗಿಸಬಾರದು ಅಂತೇನೂ ಹೇಳಿಲ್ಲ. ಅಂಗವಿಕಲನ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವನನ್ನು ಕುಗ್ಗಿಸುವ ಹಾಸ್ಯ ಬೇರೆ ಅಂದಿದ್ದಾರೆ.

ನಮ್ಮವರಿಗೆ ಇದು ಗೊತ್ತಿರಲಿಲ್ಲವೇ? 1971ರ ‘ಶರಪಂಜರ’ ನೆನೆಸಿಕೊಳ್ಳಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅಭಿನಯ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮತ್ತೆ ಹುಚ್ಚಿ ಮಾಡಿದ್ದು ಕಾಯಿಲೆಯಲ್ಲ. ಗಂಡ, ನೆರೆಹೊರೆ, ಪಿಸುಮಾತು. ಜನ ಮುಗಿಬಿದ್ದು ನೋಡಿದರು. ಹಾಗಾದರೆ ಗೇಲಿ ಮಾಡದಿದ್ದರೆ ಗಲ್ಲಾ ತುಂಬದು ಎಂಬ ನಿರ್ಮಾಪಕರ ಮಾತು ಬರೀ ಬೊಗಳೆ ತಾನೇ?

ತೆಲುಗಿನವರು ಇನ್ನೂ ಮುಂದೆ ಹೋದರು. 1981ರ ಬಸ್ ಅಪಘಾತದ ನಂತರ ಸುಧಾ ಚಂದ್ರನ್ ಒಂದು ಕಾಲು ಕಳೆದುಕೊಂಡರು. ಜೈಪುರದ ಕೃತಕ ಕಾಲು ಕಟ್ಟಿಕೊಂಡು ಮತ್ತೆ ಭರತನಾಟ್ಯ ಆಡಿದರು. ಅವರದೇ ಕಥೆಯ ‘ಮಯೂರಿ’ಯಲ್ಲಿ ಅವರೇ ನಾಯಕಿ. 1986ರಲ್ಲಿ ಹಿಂದಿಯಲ್ಲೂ ಅವರೇ. 2025ರ ‘ಸಿತಾರೆ ಜಮೀನ್ ಪರ್’ನಲ್ಲಿ ಆಮೀರ್ ಖಾನ್ ಜತೆ ಬುದ್ಧಿಬೆಳವಣಿಗೆಯ ತೊಂದರೆ ಇರುವ ಹತ್ತು ಮಂದಿಯೇ ಪಾತ್ರ ಮಾಡಿದರು. ನಮ್ಮಲ್ಲಿ ಇಂಥ ಪಾತ್ರಕ್ಕೆ ಈಗಲೂ ಮೊದಲು ಹುಡುಕುವುದು ಕಪ್ಪು ಕನ್ನಡಕ ಹಾಕಿಕೊಳ್ಳುವ ಹೀರೋನನ್ನೇ.

ತೆರೆಯ ಮಾತು ಇಷ್ಟಾಯಿತು. ತೆರೆಯ ಮುಂದೆ? ಕುರುಡರಿಗೆ ದೃಶ್ಯದ ವಿವರಣೆ, ಕಿವುಡರಿಗೆ ಅಕ್ಷರ ಇರಬೇಕೆಂದು 2024ರ ಮಾರ್ಚಿನಲ್ಲೇ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿದೆ. ಅದಿರಲಿ, ಗಾಲಿಕುರ್ಚಿಯವರು ಬಾಲ್ಕನಿ ಟಿಕೆಟ್ ಕೇಳಿದರೆ ಆ ಮೆಟ್ಟಿಲು ಹತ್ತಿಸುವವರು ಯಾರು? ಟಾಕೀಸಿನ ಮಾಲೀಕರು ಹೇಳಲಿ.