ಹಳ್ಳಿಯ ಚಿತ್ರವೂ ಪ್ರಚಾರವೂ

ಹಳ್ಳಿಯ ಬಾಳನ್ನು ತೆರೆಯ ಮೇಲೆ ಕಂಡಾಗ ನಾವು ಅದನ್ನು ಕಣ್ಣಾರೆ ಕಂಡ ಸತ್ಯವೆಂದೇ ಭಾವಿಸುತ್ತೇವೆ. ಆದರೆ ಯಂತ್ರವು ತನ್ನ ಮುಂದಿರುವುದನ್ನಷ್ಟೇ ಹಿಡಿಯಬಲ್ಲುದು. ಮುಂದೆ ಏನಿರಬೇಕೆಂದು ನಿರ್ಣಯಿಸುವವನು ಮನುಷ್ಯ. ರಾಜಕೀಯ ಕ್ಷೋಭೆಯ ಕಾಲದಲ್ಲಿ ಈ ನಿರ್ಣಯಕ್ಕೆ ಎಷ್ಟು ಬೆಲೆಯೆಂಬುದನ್ನು ವಿಚಾರಿಸೋಣ.

ನಮ್ಮ ದೇಶದಲ್ಲಿ ಸರಕಾರವು ಈ ಕಲೆಯನ್ನು ದೊಡ್ಡದಾಗಿ ಕೈಗೆತ್ತಿಕೊಂಡುದು ಯುದ್ಧಕಾಲದಲ್ಲಿ. 1940ರಲ್ಲಿ ಚಲಚ್ಚಿತ್ರ ಸಲಹಾ ಮಂಡಲಿಯೂ 1943ರಲ್ಲಿ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯವೂ ಹುಟ್ಟಿದುವು. ಸ್ವಾತಂತ್ರ್ಯಾನಂತರ, 1948ರಲ್ಲಿ, ಫಿಲ್ಮ್ಸ್ ಡಿವಿಜನ್ ಸ್ಥಾಪಿತವಾಯಿತು. ಸರಕಾರವು ಒಪ್ಪಿದ ಕಿರುಚಿತ್ರಗಳನ್ನು ಆಟದೊಡನೆ ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಗಿದ್ದಿತು. ಚಿತ್ರಮಂದಿರವಿಲ್ಲದ ಹಳ್ಳಿಗೆ ಮಾತ್ರ ಬೇರೆ ದಾರಿ ಬೇಕಾಗಿದ್ದಿತು.

ಆ ದಾರಿ ತೆರೆದುದು ಎಂತಹ ಕಾಲದಲ್ಲಿ? ದೋಣಿಮಲೈಯ ಸೀಮೆಯನ್ನೇ ನೋಡೋಣ. ಅಲ್ಲಿಯ ಸೊಂಡೂರಿನಲ್ಲಿ 1973ರಲ್ಲಿ ರೈತರು ಭೂಮಿಯ ಹಕ್ಕಿಗಾಗಿ ಹೋರಾಡಿದರು. ಗೇಣಿದಾರನನ್ನೇ ಒಡೆಯನನ್ನಾಗಿ ಮಾಡುವ ತಿದ್ದುಪಡಿ 1974ರ ಮಾರ್ಚ್ 1ರಿಂದ ರಾಜ್ಯದಲ್ಲಿ ಜಾರಿಗೆ ಬಂದಿತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಗಿ ಪತ್ರಿಕೆಗಳ ಮೇಲೆ ಪರಿಶೀಲನೆ ಬಂದಿತು. ಅದೇ ಆಗಸ್ಟ್ 1ರಂದು, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷದ ದೂರದರ್ಶನ ಪ್ರಯೋಗ ಆರಂಭವಾಯಿತು. ಬಳ್ಳಾರಿ ಜಿಲ್ಲೆ ಅದರಲ್ಲಿರಲಿಲ್ಲ. ತುಂಗಭದ್ರೆಯ ಆಚೆಯ ರಾಯಚೂರು ಜಿಲ್ಲೆಯೂ, ಬಿಜಾಪುರ, ಗುಲ್ಬರ್ಗಾಗಳೂ ಸೇರಿದ್ದುವು.

ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳು ಅದರ ಮುಖ್ಯ ವಿಷಯಗಳು. ಇವು ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಬೀಜೋಪಚಾರವನ್ನು ಕಣ್ಣಿನಿಂದ ಕಂಡವನು ಬೇಗ ಕಲಿಯುತ್ತಾನೆ. ಆದರೆ ಬಿತ್ತುವುದು ಹೇಗೆಂಬುದು ಒಂದು ಪ್ರಶ್ನೆ. ಬಿತ್ತುವ ಹೊಲ ಯಾರದೆಂಬುದು ಇನ್ನೊಂದು. ಮೊದಲನೆಯದಕ್ಕೆ ಸರಕಾರಿ ತೆರೆಯು ಉತ್ತರ ಕೊಡಬಲ್ಲುದು. ಎರಡನೆಯದು ಬಾಯಿಗೆ ಬೀಗವಿರುವ ಕಾಲದಲ್ಲಿ ತೆರೆಯೇರುವುದು ಕಷ್ಟ. ಪ್ರಚಾರಕ್ಕೆ ಸುಳ್ಳೇ ಬೇಕೆಂದಿಲ್ಲ. ನಿಜದ ಅರ್ಧವನ್ನು ಚೆಲುವಾಗಿ ತೋರಿಸಿದರೂ ಸಾಕು.

1977ರಲ್ಲಿ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮದ ಕಬ್ಬಿಣದ ಗಣಿ ಕೆಲಸಕ್ಕಿಳಿಯಿತು. ಅದಿರು ತುಂಬಿದ ರೈಲನ್ನೂ ಕೂಲಿ ಪಡೆದ ಕೈಯನ್ನೂ ತೋರಿಸಿ ಒಂದು ಚಿತ್ರವನ್ನು ಮಾಡಬಹುದು. ಬೆಳೆಯ ಮೇಲೆ ಕುಳಿತ ಕೆಂಪು ಧೂಳನ್ನು ತೋರಿಸಿ ಇನ್ನೊಂದನ್ನು. ಎರಡೂ ಕಂಡದ್ದೇ, ಒಂದೊಂದೇ ಆದರೆ ಎರಡೂ ಕೊರತೆಯವೇ.

ಆದುದರಿಂದ ಹಳ್ಳಿಯ ಚಿತ್ರವನ್ನು ನೋಡುವಾಗ ಮೂರನ್ನು ಕೇಳಿಕೊಳ್ಳುವುದು ಒಳ್ಳೆಯದು: ಹಣ ಯಾರದು? ಹಳ್ಳಿಗನ ಮಾತು ಅವನದೇ, ಬರೆದುಕೊಟ್ಟದ್ದೇ? ಚೌಕಟ್ಟಿನ ಹೊರಗೆ ಉಳಿದವರು ಯಾರು? ಇವನ್ನು ಕೇಳಬಲ್ಲ ಪ್ರೇಕ್ಷಕನಿಗೆ ಪ್ರಚಾರದ ಚಿತ್ರದಿಂದಲೂ ಲಾಭವುಂಟು. ಕೇಳಲಾರದವನಿಗೆ ಸತ್ಯಚಿತ್ರವೂ ಬರಿಯ ನೋಟವೇ ಸರಿ.